ಮೊಬೈಲ್ ಕರಾರು ಬಿಡುವ ಮುನ್ನ

ಹೋಟೆಲ್ ಬಂಧುಗಳೇ, ಕಾತ್ರಜದ ನಮ್ಮ ಹೋಟೆಲಿನ ಪಾರ್ಸೆಲ್ ಆರ್ಡರಿಗೆಂದು ನಾವು ಹ್ಯಾಂಡ್‌ಸೆಟ್ ಸಮೇತ ನಾಲ್ಕು ಪೋಸ್ಟ್‌ಪೇಡ್ ನಂಬರ್ ತೆಗೆದುಕೊಂಡಿದ್ದೆವು. ಕರಾರು 24 ತಿಂಗಳು, ನಂಬರಿಗೆ ತಿಂಗಳ ಬಾಡಿಗೆ 500 ರೂಪಾಯಿ. ಅಡುಗೆಮನೆಯೊಳಗೆ ಸಿಗ್ನಲ್ ಸಿಗದೆ ಆರ್ಡರ್ ತಪ್ಪತೊಡಗಿದವು. 14 ತಿಂಗಳು ಮುಗಿದಾಗ ಬೇರೆ ಕಂಪನಿಗೆ ಹೊರಟೆವು. ನಂಬರ್ ಬಿಡುವಂತಿಲ್ಲ, ಬೋರ್ಡಿನಲ್ಲೂ ಪಾರ್ಸೆಲ್ ಚೀಲದಲ್ಲೂ ಅದೇ ಇದೆ.

ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ ದೇಶವಿಡೀ ಬಂದದ್ದು 2011ರ ಜನವರಿ 20ರಂದು. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಮಾಡಿದರೆ ಕೋಡ್ ಬರಬೇಕು. ಬಿಲ್ ಬಾಕಿ ಇದ್ದರೆ, ಸೇರಿ 90 ದಿನ ಆಗದಿದ್ದರೆ, ಕರಾರಿನಲ್ಲಿ ಬರೆದ ಬಿಡುಗಡೆಯ ಷರತ್ತು ಪೂರೈಸದಿದ್ದರೆ ಬರುವುದಿಲ್ಲ. ನಮಗೂ ಬರಲಿಲ್ಲ.

ಕಂಪನಿಯ ಹುಡುಗ, ಉಳಿದ 10 ತಿಂಗಳ ಬಾಡಿಗೆ 20,000 ಕಟ್ಟಿ ಎಂದ. ಅಷ್ಟು ಕಟ್ಟುವುದಾದರೆ ಬಿಡುವುದೇಕೆ? ಗಲ್ಲಾದ ಡ್ರಾವರಿನಲ್ಲಿ ಗ್ಯಾಸ್ ಬಿಲ್ಲುಗಳ ನಡುವೆ ನಾವು ಸಹಿ ಹಾಕಿದ ಕಾಗದ ಸಿಕ್ಕಿತು. ನಾವು ಹತ್ತನೇ ಕ್ಲಾಸಿನವರು, ಮಗಳು ಓದಿ ಹೇಳಿದಳು: ನಡುವೆ ಬಿಟ್ಟರೆ ಹ್ಯಾಂಡ್‌ಸೆಟ್ಟಿನ ಉಳಿದ ಬೆಲೆ ಮಾತ್ರ, ಒಂದಕ್ಕೆ 1,200. ಬರಹದಲ್ಲಿ ಲೆಕ್ಕ ಕೇಳಿದೆವು. 4,800ಕ್ಕೆ ಮುಗಿಯಿತು.

ಕಾಗದದಲ್ಲಿ 20,000 ಎಂದೇ ಇದ್ದಿದ್ದರೆ? 1872ರ ಕರಾರು ಕಾಯ್ದೆಯ 74ನೇ ಕಲಮಿನಂತೆ ಬರೆದ ದಂಡದ ಮೊತ್ತ ಗರಿಷ್ಠ ಮಿತಿ ಅಷ್ಟೇ. ಕೋರ್ಟು ಕೊಡಿಸುವುದು ಅದರೊಳಗಿನ ನ್ಯಾಯವಾದ ಪರಿಹಾರ. ಗ್ರಾಹಕ ಕೋರ್ಟು ಮಾತ್ರ ನಮಗೆ ಸುಲಭವಲ್ಲ, ವ್ಯಾಪಾರಕ್ಕೆ ಪಡೆದ ಸೇವೆ ಎಂದು ತಕರಾರು ತೆಗೆಯುತ್ತಾರೆ.

ಹಣ ಕಟ್ಟಿದ ಮೇಲೆ ಕೋಡ್ ಬಂತು. ನಮ್ಮ ಮಹಾರಾಷ್ಟ್ರದಲ್ಲಿ ಅದಕ್ಕೆ ನಾಲ್ಕೇ ದಿನ ಆಯುಷ್ಯ, ಮದುವೆ ಆರ್ಡರಿನ ಗಡಿಬಿಡಿಯಲ್ಲಿ ಮರೆಯಬೇಡಿ.