ಪುಣೆಯ ಮಳೆಗಾಲ ಮತ್ತು ವಾಟ್ ಲೆಕ್ಕ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯ ರಸ್ತೆಗಳಲ್ಲಿ ಗಂಭೀರ ಸೈಕಲ್ ತಾಲೀಮು ಆಗದ ಮಾತು. ಸಿಂಹಗಡದ ಘಾಟಿನಲ್ಲಿ ಮಂಜು, ಕಾತ್ರಜ್ ಕಡೆ ಲಾರಿಗಳ ಸಾಲು, ಎಲ್ಲೆಡೆ ನೀರು ತುಂಬಿದ ಗುಂಡಿ. ಹಾಗಾಗಿ ನಮ್ಮಂಥ ನೌಕರಿಯವರು ಬೆಳಗಿನ ಜಾವ ಫ್ಲ್ಯಾಟಿನ ಕೋಣೆಯಲ್ಲೇ ಟ್ರೈನರ್ ಮೇಲೆ ಸೈಕಲ್ ಕೂಡಿಸಿ, ಪವರ್ ಮೀಟರ್ ನೋಡುತ್ತ ಇಂಟರ್ವಲ್ ಮಾಡುತ್ತೇವೆ. ಹೀಗೆ ಕಲಿತದ್ದರಲ್ಲಿ ಕೆಲವನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಮೊದಲು ಫ್ಯಾನ್, ಆಮೇಲೆ ಮೀಟರ್. ದೇಹ ಸುಡುವ ಶಕ್ತಿಯಲ್ಲಿ ಪೆಡಲ್‌ಗೆ ಮುಟ್ಟುವುದು ಐದರಲ್ಲೊಂದು, ಹೆಚ್ಚೆಂದರೆ ನಾಲ್ಕರಲ್ಲೊಂದು ಪಾಲು. ಉಳಿದದ್ದೆಲ್ಲ ಶಾಖ. 200 ವಾಟ್ ತುಳಿಯುವವನ ಮೈಯಿಂದ 600 ವಾಟ್‌ಗೂ ಹೆಚ್ಚು ಶಾಖ ಹೊರಬೀಳಬೇಕು. ರಸ್ತೆಯಲ್ಲಿ ಎದುರುಗಾಳಿ ಅದನ್ನು ಒಯ್ಯುತ್ತದೆ, ಕೋಣೆಯಲ್ಲಿ ಒಯ್ಯುವವರಿಲ್ಲ. ವಾಟ್ ಅಷ್ಟೇ ಇದ್ದರೂ ಸ್ವಲ್ಪ ಹೊತ್ತಿಗೆ ಎದೆಬಡಿತ ಏರತೊಡಗುತ್ತದೆ. ಜನ ತಮ್ಮ ದಮ್ಮೇ ಕಡಿಮೆ ಎಂದುಕೊಂಡು ಕುಗ್ಗುತ್ತಾರೆ. ಸೀಲಿಂಗ್ ಫ್ಯಾನ್ ಸಾಲದು, ಎದೆಗೆ ನೇರ ಬೀಸುವ ಪೆಡೆಸ್ಟಲ್ ಫ್ಯಾನ್ ಬೇಕು. ಮಳೆಗಾಲದಲ್ಲಿ ಸೆಕೆ ಕಡಿಮೆ ಎಂದು ಅದನ್ನು ಆರಿಸುವವರಿದ್ದಾರೆ. ತೇವದ ಗಾಳಿಯಲ್ಲಿ ಬೆವರು ಬೇಗ ಆರುವುದಿಲ್ಲ, ಫ್ಯಾನ್ ಆಗಲೇ ಹೆಚ್ಚು ಬೇಕು.

2. ಒಂದೇ ಮೀಟರನ್ನು ನಂಬಿ. 1986ರಲ್ಲಿ ಜರ್ಮನಿಯ ಉಲ್ರಿಖ್ ಶೋಬೆರರ್ ಕಂಪನಿ ಕಟ್ಟಿ ರೂಪಿಸಿದ ಕ್ರ್ಯಾಂಕ್ ಮೀಟರಿನ ತತ್ವವೇ ಇಂದಿಗೂ ನಡೆದಿದೆ: ತುಳಿತಕ್ಕೆ ಲೋಹ ಎಷ್ಟು ಬಾಗಿತು ಎಂಬುದನ್ನು ಅಳೆದು, ಅದರಿಂದ ಬಂದ ಬಲವನ್ನು ತುಳಿತದ ವೇಗದಿಂದ ಗುಣಿಸುವುದು. ತಾಪಮಾನ ಬದಲಾದರೆ ಅಳತೆಯೂ ಸರಿಯುತ್ತದೆ. ಹತ್ತು ನಿಮಿಷ ಹಗುರಾಗಿ ತುಳಿದು, ನಿಲ್ಲಿಸಿ, ಝೀರೊ ಮಾಡಿಕೊಳ್ಳಿ. ಅಗ್ಗದ ಮೀಟರುಗಳು ಎಡಗಾಲನ್ನಷ್ಟೇ ಅಳೆದು ಇಮ್ಮಡಿ ಮಾಡುತ್ತವೆ. ನಿಮ್ಮ ಎಡಗಾಲು ನೂರಕ್ಕೆ 52 ಪಾಲು ತುಳಿಯುವುದಾದರೆ 200 ವಾಟ್ 208 ಆಗಿ ಕಾಣುತ್ತದೆ. ಅದರಿಂದ ತಾಲೀಮು ಕೆಡುವುದಿಲ್ಲ, ಗೆಳೆಯನ ಅಂಕಿಯ ಜೊತೆ ಹೋಲಿಸಿದರೆ ಮನಸ್ಸು ಕೆಡುತ್ತದೆ.

3. ಎಫ್‌ಟಿಪಿ ಪ್ರತಿಷ್ಠೆಯ ವಿಷಯವಲ್ಲ. ಸುಮಾರು ಒಂದು ಗಂಟೆ ಹಿಡಿದಿಡಬಹುದಾದ ವಾಟ್ ಅದು. 20 ನಿಮಿಷದ ಪರೀಕ್ಷೆಯ ಸರಾಸರಿಯಲ್ಲಿ ಶೇ 95 ತೆಗೆದುಕೊಳ್ಳುವುದು ರೂಢಿ. ಸರಾಸರಿ 220 ಬಂದರೆ ಎಫ್‌ಟಿಪಿ 209. ಸಿಂಹಗಡದ ಏರಿನಲ್ಲಿ ಬಂದ ಅಂಕಿ ಕೋಣೆಯಲ್ಲಿ ಬರದೆ ಹೋಗುವುದು ಸಾಮಾನ್ಯ. ಒಳಗಿನ ತಾಲೀಮಿಗೆ ಒಳಗಿನ ಅಂಕಿಯನ್ನೇ ಇಟ್ಟುಕೊಳ್ಳಿ.

4. ಎರಡು ಬಗೆಯ ಇಂಟರ್ವಲ್ ಸಾಕು. ಒಂದು, ಎಫ್‌ಟಿಪಿಯ ಶೇ 90ರ ಆಸುಪಾಸಿನಲ್ಲಿ 12ರಿಂದ 20 ನಿಮಿಷದ ತುಂಡುಗಳು. ಇನ್ನೊಂದು, ಶೇ 105–110ರಲ್ಲಿ ನಾಲ್ಕು ನಿಮಿಷ, ನಡುವೆ ಮೂರು ನಿಮಿಷ ಹಗುರ, ಹೀಗೆ ನಾಲ್ಕು ಸಲ. ಈ ಎರಡನೆಯದರಲ್ಲೇ ಮೀಟರಿನ ನಿಜವಾದ ಬೆಲೆ ಗೊತ್ತಾಗುವುದು. ಎದೆಬಡಿತ ಏರಲು ಒಂದೆರಡು ನಿಮಿಷ ಹಿಡಿಯುತ್ತದೆ. ಅದನ್ನೇ ನೋಡುತ್ತ ಕೂತವನು ಮೊದಲ ನಿಮಿಷದಲ್ಲಿ ಅತಿಯಾಗಿ ತುಳಿದು, ಮೂರನೆಯ ಸುತ್ತಿಗೆ ಸುಸ್ತಾಗಿರುತ್ತಾನೆ. ವಾಟ್ ಆ ಕ್ಷಣದ್ದು, ಮೊದಲ ಹತ್ತು ಸೆಕೆಂಡಿನಲ್ಲೇ ‘ಸಾಕು, ತಡಿ’ ಎನ್ನುತ್ತದೆ. ನಾಲ್ಕನೆಯ ಸುತ್ತು ಮೊದಲಿನದಕ್ಕಿಂತ ಕುಸಿದರೆ ಮುಂದಿನ ಸಲ ಐದು ವಾಟ್ ಇಳಿಸಿ.

ಜಿಮ್‌ಗಳಲ್ಲಿ ಜನಪ್ರಿಯವಾದ ‘ತಬಾಟ’ದ ಬಗ್ಗೆ ಒಂದು ಮಾತು. ಜಪಾನಿನ ಇಝುಮಿ ತಬಾಟ 1996ರಲ್ಲಿ ಪ್ರಕಟಿಸಿದ ಪ್ರಯೋಗ ನಡೆದದ್ದು ಸೈಕಲ್ ಯಂತ್ರದ ಮೇಲೆಯೇ: 20 ಸೆಕೆಂಡ್ ತುಳಿತ, 10 ಸೆಕೆಂಡ್ ಬಿಡುವು, ಏಳೆಂಟು ಸುತ್ತಿಗೆ ಕ್ರೀಡಾಪಟುಗಳೇ ಸೋತು ಕೂರುವಷ್ಟು ಭಾರ. ಹೊಸಬರು ಅದನ್ನು ಮುಟ್ಟುವ ಅಗತ್ಯವಿಲ್ಲ.

5. ಗುರುವಾರ ಕಠಿಣ ತಾಲೀಮು ಇಟ್ಟುಕೊಳ್ಳಬೇಡಿ. ಪುಣೆಯಲ್ಲಿ ವಿದ್ಯುತ್ ಕಂಪನಿಯ ದುರಸ್ತಿ, ನೀರಿನ ಬಂದ್, ಎರಡೂ ಹೆಚ್ಚಾಗಿ ಅಂದೇ. ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಸ್ಮಾರ್ಟ್ ಟ್ರೈನರ್ ತಾನಾಗಿ ಭಾರ ಹೊಂದಿಸುವುದೂ ನಿಲ್ಲುತ್ತದೆ. ಬ್ಯಾಟರಿಯ ಪೆಡಲ್ ಮೀಟರ್ ಮಾತ್ರ ಅಂಕಿ ಕೊಡುತ್ತಲೇ ಇರುತ್ತದೆ.

6. ಕೆಳಗಿನ ಮನೆಯವರನ್ನು ಮೊದಲೇ ಕೇಳಿ. ನಮ್ಮ ಕೆಳಗಿನ ಮನೆಯ ಕಾಕೂ ಹೇಳಿದ್ದು ಶಬ್ದದ ಬಗ್ಗೆ ಅಲ್ಲ, ಅವರ ಮಂಚಕ್ಕೆ ತಾಗುವ ನಡುಕದ ಬಗ್ಗೆ. ದಪ್ಪ ರಬ್ಬರ್ ಚಾಪೆ ಹಾಕಿ, ಟ್ರೈನರನ್ನು ಗೋಡೆಯ ಬದಿಗೆ ಸರಿಸಿದ ಮೇಲೆ ಅವರಿಗೂ ನೆಮ್ಮದಿ.

7. ವಾರಕ್ಕೆ ಎರಡು ಕಠಿಣ ದಿನ ಸಾಕು. ಉಳಿದ ದಿನ ಮಾತಾಡುತ್ತ ತುಳಿಯುವಷ್ಟು ಹಗುರವಾಗಿರಲಿ. ನಲವತ್ತು ದಾಟಿದವರು, ಬಿಪಿ, ಸಕ್ಕರೆ ಇರುವವರು, ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಆಗಿದ್ದವರು ಮೀಟರ್ ಕೊಳ್ಳುವ ಮೊದಲು ವೈದ್ಯರನ್ನು ಕಂಡು, ಅವರು ಹೇಳಿದ ತಪಾಸಣೆ ಮಾಡಿಸಿಕೊಳ್ಳಿ. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ, ಇಂಟರ್ವಲ್ ಮುಗಿಯುವವರೆಗೆ ಕಾಯದೆ ಆ ಕ್ಷಣವೇ ನಿಲ್ಲಿಸಿ ಮನೆಯವರನ್ನು ಕೂಗಿ.