ಮಳೆಗಾಲದ ಗಾಳಿಯಿಂದ ಬಿಸಿನೀರು: ಹಳೇ ಎಸಿಗೆ ಹೊಸ ಕೆಲಸ

ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಸೋಲಾರ್ ಹೀಟರ್ ಹೆಸರಿಗಷ್ಟೇ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 50 ಡಿಗ್ರಿಗೆ ಏರಿಸಲು ಗೀಸರ್ ಸುಮಾರು ಮೂರೂವರೆ ಯೂನಿಟ್ ತಿನ್ನುತ್ತದೆ. ಸರಿಯಾಗಿ ಕಟ್ಟಿದ ಹೀಟ್ ಪಂಪ್ ಅದೇ ಕೆಲಸವನ್ನು ಒಂದೂವರೆ ಯೂನಿಟ್ ಆಸುಪಾಸಿನಲ್ಲಿ ಮುಗಿಸುತ್ತದೆ. ಹೊರಗಿನ ಗಾಳಿಯ ಶಾಖವನ್ನು ಹೀರಿ ನೀರಿಗೆ ಸಾಗಿಸುವುದಷ್ಟೇ ಅದರ ಕೆಲಸ.

ಸೋಲಾರಿಗೆ ಆಗದ ತೇವ ಇದಕ್ಕೆ ಲಾಭ. ಒದ್ದೆ ಗಾಳಿ ಕೂಲಿಂಗ್ ಕಾಯಿಲ್‌ಗೆ ತಗುಲಿ ನೀರಾಗುವಾಗ ಶಾಖ ಬಿಟ್ಟುಕೊಡುತ್ತದೆ. ಡ್ರೈನ್ ಪೈಪಿನಿಂದ ಒಂದು ಲೀಟರ್ ನೀರು ತೊಟ್ಟಿಕ್ಕಿತೆಂದರೆ ಅರ್ಧ ಯೂನಿಟ್ಟಿಗೂ ಹೆಚ್ಚು ಶಾಖ ನಿಮ್ಮ ನೀರಿಗೆ ಸೇರಿತೆಂದೇ ಲೆಕ್ಕ.

ಇಂಥ ಹೀಟ್ ಪಂಪ್ ಕಟ್ಟಲು ಬೇಕಾದ್ದು ಒಂದು ಟನ್ನಿನ ಹಳೇ ವಿಂಡೋ ಎಸಿ. ಮಡಿಕೇರಿಯಲ್ಲಿ ಎಸಿ ಹಾಕಿಸಿಕೊಂಡವರೇ ಅಪರೂಪ; ಮೈಸೂರು ಅಥವಾ ಮಂಗಳೂರಿನ ಗುಜರಿಯಲ್ಲಿ ಹುಡುಕುವುದು ವಾಸಿ. ಫಲಕದ ಮೇಲೆ ಆರ್-22 ಎಂದಿರಬೇಕು. ಆರ್-32, ಆರ್-290 ಗ್ಯಾಸಿನ ಎಸಿಗಳಿಗೂ, ಆರ್-600ಎ ಇರುವ ಫ್ರಿಜ್‌ಗಳಿಗೂ ಕೈ ಹಾಕಬೇಡಿ, ಅವು ಬೆಂಕಿ ಹಿಡಿಯುವ ಗ್ಯಾಸುಗಳು. ಜೊತೆಗೆ ಅಗಲ ಬಾಯಿಯ 150–200 ಲೀಟರ್ ಡ್ರಮ್ ಬೇಕು. ಸ್ಟೀಲಿನದಾದರೆ ಉತ್ತಮ. ತೋಟದ ಔಷಧಿ ತುಂಬಿದ್ದ ನೀಲಿ ಡ್ರಮ್, ಎಷ್ಟು ತೊಳೆದರೂ ಬೇಡ.

ಮೊದಲ ಕೆಲಸ ಫ್ರಿಜ್ ಮೆಕ್ಯಾನಿಕ್‌ನದು. ಎಸಿಯಲ್ಲಿ ಉಳಿದ ಗ್ಯಾಸನ್ನು ಸಿಲಿಂಡರಿಗೆ ಇಳಿಸಿಸಿ, ಗಾಳಿಗೆ ಬಿಡಿಸಬೇಡಿ. ಆರ್-22 ಓಝೋನ್ ಪದರಕ್ಕೆ ಹಾನಿಕರ. ಆಮೇಲೆ ಕಂಡೆನ್ಸರ್, ಅಂದರೆ ಹಿಂಬದಿಯ ಬಿಸಿ ಕಾಯಿಲ್, ಕತ್ತರಿಸಿ ತೆಗೆಸಿ. ವಿಂಡೋ ಎಸಿಯಲ್ಲಿ ಒಂದೇ ಮೋಟಾರಿಗೆ ಎರಡು ಫ್ಯಾನ್ ಇರುತ್ತವೆ. ಕಂಡೆನ್ಸರ್ ಕಡೆಯ ರೆಕ್ಕೆ ಬಿಚ್ಚಿಡಿ, ಬ್ಲೋವರ್ ಇರಲಿ.

ಈಗ ಮುಖ್ಯ ಘಟ್ಟ, ಕಂಡೆನ್ಸರಿನ ಜಾಗಕ್ಕೆ ಬರುವ ಡ್ರಮ್ಮಿನ ಕಾಯಿಲ್. 3/8 ಇಂಚಿನ ತಾಮ್ರದ ಪೈಪು 50 ಅಡಿ ಸುರುಳಿಯಾಗಿಯೇ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಚಿಕ್ಕ ಡಬ್ಬವೊಂದಕ್ಕೆ ಸುತ್ತಿ, ಸುತ್ತುಗಳ ನಡುವೆ ಬೆರಳಗಲ ಜಾಗ ಬಿಟ್ಟು, ಡ್ರಮ್ಮಿಗಿಳಿಸಿ. ನೀರಿನೊಳಗೆ ಒಂದೂ ಬೆಸುಗೆ ಇರಕೂಡದು. ಎರಡು ತುದಿಗಳೂ ಡ್ರಮ್ಮಿನ ಬಾಯಿಂದ ಹೊರಬಂದು ಅಲ್ಲೇ ಬೆಸುಗೆಯಾಗಬೇಕು. ಕಂಪ್ರೆಸರಿನ ಬಿಸಿ ಗ್ಯಾಸು ಮೇಲಿನ ಸುತ್ತಿನಿಂದ ಒಳಹೋಗಿ, ತಣಿದು ದ್ರವವಾಗಿ ಕೆಳಗಿನ ಸುತ್ತಿನಿಂದ ಹೊರಡಲಿ. ಕ್ಯಾಪಿಲರಿಗೆ ಮುಂಚೆ ಹೊಸ ಡ್ರೈಯರ್ ಹಾಕಿಸಿ. ನೈಟ್ರೋಜನ್ ತುಂಬಿ ಸೋರಿಕೆ ನೋಡಿ, ಅರ್ಧ ಗಂಟೆಗೂ ಹೆಚ್ಚು ವ್ಯಾಕ್ಯೂಮ್ ಎಳೆದ ಮೇಲೆ ಗ್ಯಾಸು ತೂಗಿ ತುಂಬಬೇಕು. ಕಣ್ಣಂದಾಜಿಗೆ ತುಂಬುವವರು ಕಂಪ್ರೆಸರಿನ ಆಯುಸ್ಸು ಕಳೆಯುತ್ತಾರೆ.

ಡ್ರಮ್ಮಿನ ಸುತ್ತ ಥರ್ಮೋಕೋಲ್ ಹಾಳೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ. ಭತ್ತದ ಉಮಿ ಅಗ್ಗವೇನೋ ಹೌದು, ನಮ್ಮ ಮಳೆಗೆ ಬೂಷ್ಟು ಹಿಡಿಯುತ್ತದೆ.

ವಿದ್ಯುತ್ತಿನಲ್ಲಿ ಉಳಿತಾಯ ಬೇಡ. ಹಳೇ ಗೀಸರಿನ ಥರ್ಮೋಸ್ಟಾಟನ್ನು 50 ಡಿಗ್ರಿಗಿಟ್ಟು ಕಾಂಟ್ಯಾಕ್ಟರ್ ಮೂಲಕ ಕಂಪ್ರೆಸರಿಗೆ ಜೋಡಿಸಿ. ನೀರು ಅದಕ್ಕಿಂತ ಬಿಸಿಯಾದಂತೆ ಒಳಗಿನ ಒತ್ತಡವೂ ಏರುತ್ತದೆ. ಹೈ ಪ್ರೆಷರ್ ಕಟೌಟ್ ಕಡ್ಡಾಯ. ಗಾಳಿಮಳೆಗೆ ಕರೆಂಟು ಹೋಗಿ ಬರುವ ಊರು ನಮ್ಮದು. ನಿಂತ ಕಂಪ್ರೆಸರ್ ಮತ್ತೆ ಹೊರಡಲು ಮೂರು ನಿಮಿಷವಾದರೂ ಬಿಡುವು ಬೇಕು. ಹಾಗಾಗಿ ಟೈಮ್ ಡಿಲೇ ಇರುವ ಸ್ಟೆಬಿಲೈಸರ್ ತನ್ನಿ. ಪ್ರತ್ಯೇಕ ಎಂಸಿಬಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ, ಗಟ್ಟಿ ಅರ್ಥಿಂಗ್ ಇಲ್ಲದೆ ಸ್ವಿಚ್ ಒತ್ತಲೇಬೇಡಿ. ವೈರಿಂಗ್ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮಾಡಲಿ.

ಯಂತ್ರವನ್ನು ಮಳೆ ಬೀಳದ, ಗಾಳಿಯಾಡುವ ಜಗಲಿಯಲ್ಲಿಡಿ. ಡಿಸೆಂಬರ್, ಜನವರಿಯ ಮುಂಜಾನೆ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಬಹುದು. ಮಧ್ಯಾಹ್ನ ಓಡಿಸಿದರೆ ಕರೆಂಟೂ ಕಡಿಮೆ ಸಾಕು. ಒಂದೂವರೆ ಗಂಟೆಯೊಳಗೆ 100 ಲೀಟರ್ ಸ್ನಾನಕ್ಕೆ ಸಿದ್ಧವಾಗಬೇಕು. ಈ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ವಾರಕ್ಕೊಮ್ಮೆ ಡ್ರಮ್ ಪೂರ್ತಿ ಬರಿದು ಮಾಡಿ.

ಕಾಫಿ ತೋಟದ ಕಪಾತಿನ ಸೌದೆ ಕೊಟ್ಟಿಗೆ ತುಂಬ ಒಣಗಿದ್ದರೆ ಬಚ್ಚಲಿನ ಹಂಡೆಯನ್ನೇ ಉರಿಸಿ, ಇಷ್ಟೆಲ್ಲ ತಾಪತ್ರಯ ಬೇಕಿಲ್ಲ. ಮಳೆಗಾಲವಿಡೀ ಗೀಸರನ್ನೇ ನಂಬಿರುವ ಪೇಟೆ ಮನೆಗಳಿಗೆ ಮಾತ್ರ ಇದು ಲಾಭ.