ಪರದೆಯಿಲ್ಲದ ಗಣಕಯಂತ್ರವನ್ನು ನಡಿಸುವ ಕ್ರಮ

ಪರದೆಯು ಕೆಟ್ಟ ಮಾತ್ರಕ್ಕೆ ಗಣಕಯಂತ್ರವೇ ಕೆಟ್ಟಿತೆಂದೆಣಿಸಿ ಅದನ್ನು ಗುಜರಿಗೆ ಹಾಕುವವರುಂಟು. ಮಕ್ಕಳ ಬಾಲ್ಯದ ಚಿತ್ರಗಳೂ ಮನೆಯ ಕಾಗದಪತ್ರಗಳೂ ಪೆಟ್ಟಿಗೆಯೊಳಗಿರುವವೇ ಹೊರತು ಪರದೆಯಲ್ಲಿ ಅಲ್ಲ. ಲಿನಕ್ಸ್ ವ್ಯವಸ್ಥೆಯುಳ್ಳ ಯಂತ್ರವು ಪರದೆಯಿಲ್ಲದೆಯೂ ಮನೆಯ ಭಂಡಾರವಾಗಿ ವರುಷಗಟ್ಟಲೆ ದುಡಿಯಬಲ್ಲದು. ಅದರ ಕ್ರಮವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಸಂಕ್ಷೇಪವಾಗಿ ತಿಳಿಸುವೆವು.

ಲಿನಕ್ಸನ್ನು ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಪ್ರಕಟಿಸಿದರು. ಫಿನ್ಲೆಂಡಿನವರೇ ಆದ ತಾತು ಯುಲೊನೆನ್ 1995ರಲ್ಲಿ ಎಸ್‌ಎಸ್‌ಎಚ್ ಎಂಬ ಸಾಧನವನ್ನು ರಚಿಸಿದರು. ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದಗಳು ಕದಿಯಲ್ಪಟ್ಟದ್ದೇ ಇದಕ್ಕೆ ಕಾರಣ. ಇದರ ಮೂಲಕ ಒಂದು ಯಂತ್ರದ ಮುಂದೆ ಕುಳಿತು ಇನ್ನೊಂದಕ್ಕೆ ಅಪ್ಪಣೆಗಳನ್ನು ಬರೆದು ಕಳುಹಿಸಿ ಉತ್ತರವನ್ನು ಓದಬಹುದು. ನಡುವೆ ಸಾಗುವದೆಲ್ಲವೂ ಗೂಢಲಿಪಿಯಲ್ಲಿರುವದು.

ಮುಖ್ಯ ನಿಯಮವೇನಂದರೆ, ಪರದೆಯಿರುವಾಗಲೇ ಈ ಎರಡನೆಯ ಬಾಗಿಲನ್ನು ಸಿದ್ಧಮಾಡತಕ್ಕದ್ದು. ಪರದೆಯು ಈಗಾಗಲೇ ಕೆಟ್ಟಿದ್ದರೆ ನೆರೆಮನೆಯಿಂದ ಒಂದು ದಿನದ ಮಟ್ಟಿಗೆ ಎರವಲು ತರಬೇಕು.

ಒಂದನೆಯದು: ಉಬುಂಟುವಿನ ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಎಸ್‌ಎಸ್‌ಎಚ್ ಸರ್ವರ್ ಮೊದಲೇ ಇರುವದಿಲ್ಲ. ಅದನ್ನು ಸ್ಥಾಪಿಸಿ, ಯಂತ್ರವು ಎದ್ದಾಗಲೆಲ್ಲಾ ತಾನಾಗಿ ಆರಂಭವಾಗುವಂತೆ ಮಾಡಬೇಕು.

ಎರಡನೆಯದು: ಯಂತ್ರದ ಜಾಲವಿಳಾಸವು ಬದಲಾದರೆ ಅದನ್ನು ಹುಡುಕುವದು ಕಷ್ಟ. ಆದದರಿಂದ ರೌಟರಿನಲ್ಲಿ ವಿಳಾಸವನ್ನು ಕಾದಿರಿಸಬೇಕು. ವೈಫೈಗಿಂತ ತಂತಿಯೇ ಮೇಲು. ಯಾಕಂದರೆ ವೈಫೈಯ ಗುಪ್ತಪದವು ಒಬ್ಬ ಬಳಕೆದಾರರ ಖಾತೆಗೆ ಮಾತ್ರ ಸೇರಿದ್ದರೆ, ಅವರು ಒಳಬರುವ ತನಕ ಸಂಪರ್ಕವು ಉಂಟಾಗದು.

ಮೂರನೆಯದು: ಕೆಲಸವಿಲ್ಲದಾಗ ಯಂತ್ರವು ನಿದ್ರೆಗೆ ಜಾರುವ ಏರ್ಪಾಡನ್ನು ತೆಗೆದುಹಾಕಬೇಕು. ಮಲಗಿದ ಯಂತ್ರವು ನಮ್ಮ ಕರೆಗೆ ಓಗೊಡದು.

ನಾಲ್ಕನೆಯದು: ಡಿಸ್ಕನ್ನು ಗೂಢಲಿಪಿಯಲ್ಲಿಟ್ಟಿದ್ದರೆ ಯಂತ್ರವು ಏಳುವಾಗಲೇ ಗುಪ್ತಪದವನ್ನು ಕೇಳುತ್ತಾ ನಿಲ್ಲುವದು, ಆ ಪ್ರಶ್ನೆಯನ್ನು ನೋಡುವವರಿಲ್ಲ. ಕೀಲಿಮಣೆಯಿಲ್ಲದಿದ್ದರೆ ನಿಂತುಬಿಡುವ ಯಂತ್ರಗಳೂ ಉಂಟು. ಇದನ್ನು ಬಯೋಸ್‌ನಲ್ಲಿ ತಿದ್ದಬೇಕು.

ಐದನೆಯದು: ಅಪ್ಪಣೆಗಳು ಮಾತ್ರ ಸಾಕಾದರೆ ಚಿತ್ರರೂಪದ ಮೇಜನ್ನು ನಿಲ್ಲಿಸಬಹುದು, ಸ್ಮೃತಿಯೂ ಉಳಿಯುವದು. ಅದನ್ನೂ ದೂರದಿಂದ ನೋಡಬೇಕೆಂಬವರಿಗೆ ಒಂದು ತೊಡಕುಂಟು. ಚಿತ್ರ ಬರೆಯುವ ಭಾಗವು ತಂತಿಯ ಮೂಲಕ ಪರದೆಯ ಅಳತೆಯನ್ನು ಕೇಳುವದು. ಉತ್ತರ ಬಾರದಿದ್ದರೆ ಅನೇಕ ವೇಳೆ ಕಪ್ಪು ಚಿತ್ರವೋ ಬಹು ಚಿಕ್ಕ ಚಿತ್ರವೋ ಕಾಣುವದು. ಎಚ್‌ಡಿಎಂಐ ರಂಧ್ರಕ್ಕೆ ಹಾಕುವ ಚಿಕ್ಕ ಹುಸಿ ಪ್ಲಗ್ಗು ಪರದೆಯಂತೆಯೇ ಉತ್ತರಕೊಟ್ಟು ಈ ತೊಡಕನ್ನು ನೀಗಿಸುವದು.

ಹೊರಜಾಲಕ್ಕೆ ಈ ಬಾಗಿಲನ್ನು ತೆರೆದಿಡಬಾರದು.

ಎಲ್ಲವೂ ಮುಗಿದ ಮೇಲೆ ಯಂತ್ರವನ್ನು ಆರಿಸಿ, ಪರದೆಯನ್ನೂ ಕೀಲಿಮಣೆಯನ್ನೂ ಬಿಡಿಸಿ, ತಿರುಗಿ ಹೊತ್ತಿಸಿ, ಕೆಲವು ನಿಮಿಷ ತಾಳಿ, ಬೇರೆ ಯಂತ್ರದಿಂದ ಒಳಹೋಗಿ ನೋಡಬೇಕು. ಈ ಪರೀಕ್ಷೆಯು ಸಫಲವಾಗುವ ತನಕ ಎರವಲು ಪರದೆಯನ್ನು ಹಿಂದಿರುಗಿಸಬಾರದು. ಸುವಾರ್ತೆಯ ಸಾಮ್ಯದಲ್ಲಿ ಬುದ್ಧಿವಂತೆಯರಾದ ಐದು ಮಂದಿ ಕನ್ನಿಕೆಯರು ದೀಪಗಳೊಡನೆ ಎಣ್ಣೆಯನ್ನೂ ತಂದದ್ದು ನಡುರಾತ್ರಿಯ ಕೂಗು ಕೇಳಿಸಿದ ಮೇಲೆ ಅಲ್ಲ, ಮೊದಲೇ. ಯಂತ್ರದ ವಿಷಯದಲ್ಲಿಯೂ ನಾವು ಹಾಗೆಯೇ ನಡೆಯತಕ್ಕದ್ದು.